ಮೈಲಾರದ ಕಾರ್ಣಿಕ: ದಂಡಯಾತ್ರೆಯ ಏಕಾಂತವೂ ಒಂದು ವಾಕ್ಯವೂ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷವೂ ಭರತ ಹುಣ್ಣಿಮೆಯ ಅನಂತರ ಗೊರವಯ್ಯನು ನುಡಿಯುವ ಕಾರ್ಣಿಕವು ನಾಡಿಗೆಲ್ಲ ಪರಿಚಿತವಾದುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಕಡೆಯ ರೈತರು ಆ ವಾಕ್ಯವನ್ನು ಮಳೆಬೆಳೆಗಳ ಸೂಚನೆಯೆಂದು ಗ್ರಹಿಸುತ್ತಾರೆ. ಪತ್ರಿಕೆಗಳು ಅದರಲ್ಲಿ ರಾಜಕೀಯದ ಭವಿಷ್ಯವನ್ನು ಅರಸುತ್ತವೆ. ಎರಡು ಬಗೆಯ ವ್ಯಾಖ್ಯಾನದಲ್ಲಿಯೂ ವಾಕ್ಯವಷ್ಟೇ ಉಳಿದು, ಅದರ ಹಿಂದಿನ ಹನ್ನೊಂದು ದಿನಗಳು ಮರೆಯಾಗುತ್ತವೆ. ಮನೆಮಠಗಳನ್ನು ಬಿಟ್ಟು ದೀರ್ಘಕಾಲ ಬೀಡಿನಲ್ಲಿರುವವರು ಏಕಾಂತವನ್ನು ಹೇಗೆ ಸಹಿಸಬಲ್ಲರೆಂಬುದರ ನಿರೂಪಣೆಯಾಗಿಯೂ ಕಾರ್ಣಿಕವನ್ನು ಓದಬಹುದೆಂಬುದು ನಮ್ಮ ಅಭಿಪ್ರಾಯ.

ಐತಿಹ್ಯದ ಹಂದರವು ಸರಳವಾದುದು. ಮಣಿಕಾಸುರ, ಮಲ್ಲಾಸುರರನ್ನು ನಿಗ್ರಹಿಸಲು ಶಿವನು ಮೈಲಾರಲಿಂಗನಾಗಿ ಏಳು ಕೋಟಿ ಗಣಗಳೊಡನೆ ದಂಡೆತ್ತಿ ಬಂದನೆಂದೂ ಹನ್ನೊಂದನೆಯ ದಿನ ಜಯ ದೊರೆಯಿತೆಂದೂ ಭಕ್ತರು ನಂಬುತ್ತಾರೆ. ಆಚರಣೆಯು ಜಯವನ್ನು ಮಾತ್ರವಲ್ಲದೆ ಬೀಡಿನ ಬಾಳನ್ನೂ ಅಭಿನಯಿಸುತ್ತದೆ. ಗೊರವರು ಕರಿಯ ಕಂಬಳಿ ಹೊದ್ದು, ಡಮರುಗ ಹಿಡಿದು ಬರುತ್ತಾರೆ. ದೇವರ ನಾಯಿಗಳಂತೆ ಬೊಗಳುತ್ತ ಮರದ ದೋಣಿಯಲ್ಲಿಟ್ಟ ಆಹಾರವನ್ನು ಒಟ್ಟಾಗಿ ತಿನ್ನುತ್ತಾರೆ. ಕಾರ್ಣಿಕ ನುಡಿಯುವವನಿಗೆ ಹನ್ನೊಂದು ದಿನಗಳ ಉಪವಾಸವ್ರತ. ಕೊನೆಗೆ ಡೆಂಕನ ಮರಡಿಯಲ್ಲಿ ಬಿಲ್ಲನ್ನೇರಿ ಆತನು ‘ಸದ್ದಲೇ’ ಎಂದೊಡನೆ ನೆರೆದ ಜನಸ್ತೋಮವೆಲ್ಲ ಮೌನವಾಗುತ್ತದೆ. ಒಂದೇ ವಾಕ್ಯ ನುಡಿದು ಆತನು ಕೆಳಕ್ಕೆ ಬೀಳುತ್ತಾನೆ.

ಇಲ್ಲಿ ಮೂರು ಅಂಶಗಳು ಗಮನಾರ್ಹ: ದಿನಗಳಿಗೆ ಎಣಿಕೆಯುಂಟು, ಪ್ರತಿಯೊಬ್ಬನಿಗೂ ನಿಯತವಾದ ಪಾತ್ರವುಂಟು, ಮಾತಿಗೆ ಗೊತ್ತಾದ ಗಳಿಗೆಯುಂಟು. ಮೈಲಾರನ ಒಕ್ಕಲಿನಲ್ಲಿ ಕುರುಬರು ಪ್ರಮುಖರೆಂಬುದನ್ನು ನೆನೆದರೆ ಇವುಗಳ ಅರ್ಥ ಸ್ಪಷ್ಟವಾಗುತ್ತದೆ. ಹಿಂಡಿನೊಡನೆ ಊರೂರು ಅಲೆಯುವ ಕುರಿಗಾರನು ಫಸಲು ಕೊಯ್ದ ಪರರ ಹೊಲಗಳಲ್ಲಿ ಕುರಿ ತರುಬುತ್ತಾನೆ. ಆತನ ಸುತ್ತ ಗೋಡೆಯಿಲ್ಲ. ಆದರೂ ತೋಳನ ಭಯ, ಕಳ್ಳರ ಭಯಗಳಿಂದ ಇರುಳೆಲ್ಲ ಹಿಂಡನ್ನು ಬಿಟ್ಟು ಕದಲುವಂತಿಲ್ಲ. ಬಯಲಿನಲ್ಲಿಯೇ ಆತನು ಬಂಧಿತನು. ಆತನ ಸಂಗಾತಿಗಳಾದ ಕಂಬಳಿಯೂ ನಾಯಿಯೂ ಗೊರವರ ವೇಷದಲ್ಲಿ ಪೂಜ್ಯಸ್ಥಾನವನ್ನು ಪಡೆದಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ದೂರದ ನಿದರ್ಶನಗಳೂ ಈ ವಿಚಾರಕ್ಕೆ ನೆರವಾಗುತ್ತವೆ. 1898ರಲ್ಲಿ ‘ಬೆಲ್ಜಿಕಾ’ ಹಡಗು ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದು ಸುಮಾರು ಒಂದು ವರ್ಷ ಅಲ್ಲಿಯೇ ಉಳಿಯಿತು. ಸೂರ್ಯನಿಲ್ಲದ ತಿಂಗಳುಗಳಲ್ಲಿ ನಾವಿಕರು ರೋಗಕ್ಕೂ ಖಿನ್ನತೆಗೂ ತುತ್ತಾದಾಗ ವೈದ್ಯ ಫ್ರೆಡರಿಕ್ ಕುಕ್ ಅವರನ್ನು ಬೆಂಕಿಯೆದುರು ಕೂರಿಸಿ, ತಾಜಾ ಮಾಂಸವನ್ನು ತಿನ್ನಿಸಿ, ನಿಯತ ದಿನಚರಿಗೆ ಒಳಪಡಿಸಿದನು. 1902ರಲ್ಲಿ ‘ಡಿಸ್ಕವರಿ’ ಹಡಗಿನವರು ಚಳಿಗಾಲದ ಕತ್ತಲೆಯಲ್ಲಿ ತಮ್ಮದೇ ಪತ್ರಿಕೆಯನ್ನು ಹೊರಡಿಸಿದರು. ಶ್ಯಾಕಲ್ಟನ್ ಅದರ ಸಂಪಾದಕ. 1915ರಲ್ಲಿ ಆತನದೇ ‘ಎಂಡ್ಯೂರೆನ್ಸ್’ ಹಡಗು ಹಿಮದ ಒತ್ತಡಕ್ಕೆ ಸಿಲುಕಿ ನಾಶವಾದಾಗ, ಅಗತ್ಯವಲ್ಲದ ವಸ್ತುಗಳನ್ನೆಲ್ಲ ತ್ಯಜಿಸಿದರೂ ಒಬ್ಬ ಸಂಗಡಿಗನ ಬ್ಯಾಂಜೋ ವಾದ್ಯವನ್ನು ಉಳಿಸಿಕೊಂಡರು. ಏಕಾಂತವನ್ನು ನೀಗುವುದು ಅಶಕ್ಯವಾದಾಗ ಅದಕ್ಕೊಂದು ಕ್ರಮವನ್ನು ಕಲ್ಪಿಸುವುದೇ ಅಲ್ಲಿಯೂ ಕಂಡುಬರುವ ಉಪಾಯ. ಭೇದವೂ ಇದೆ: ಹಡಗಿನವರು ತಮ್ಮ ತಮ್ಮ ಮನಸ್ಸನ್ನು ತಾವೇ ಬರೆದಿಟ್ಟರು, ಮೈಲಾರದಲ್ಲಿ ಸಮುದಾಯವು ತನ್ನ ಮಾತನ್ನು ಒಬ್ಬನಿಗೆ ಒಪ್ಪಿಸಿ ತಾನು ಮೌನವಾಗಿ ಕೇಳುತ್ತದೆ.

ಕುರಿಗಾರರ ಅಲೆದಾಟದಿಂದಲೇ ಈ ಆಚರಣೆ ಹುಟ್ಟಿತೆಂದು ನಾವು ಸಾಧಿಸಹೊರಟಿಲ್ಲ. ರೂಪಸಾಮ್ಯವು ಕಾಲಾನುಕ್ರಮಕ್ಕೆ ಪ್ರಮಾಣವಾಗಲಾರದು. ವಾಕ್ಯವು ದೈವದ್ದೆಂಬ ಭಕ್ತರ ಶ್ರದ್ಧೆಯನ್ನು ನಿರಾಕರಿಸುವುದೂ ನಮ್ಮ ಉದ್ದೇಶವಲ್ಲ. ಹಾಗೆಯೇ ಕುರಿಗಾರನ ಏಕಾಂತವನ್ನು ರಮ್ಯವೆಂದು ವರ್ಣಿಸುವುದೂ ತಪ್ಪಾಗುತ್ತದೆ. ಮೇವಿನ ನೆಲ ಕುಗ್ಗಿದಂತೆ ಆತನು ಹೆಚ್ಚು ದೂರ ನಡೆಯಬೇಕಾಗುತ್ತದೆ. ಆ ಕಷ್ಟವನ್ನು ಯಾವ ಆಚರಣೆಯೂ ಪರಿಹರಿಸದು.

2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಈ ಐದು ತಾಲ್ಲೂಕುಗಳೂ ಸೇರಿವೆ. ಇಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳು ಕಾರ್ಣಿಕವನ್ನು ಸಂಗ್ರಹಿಸುವಾಗ ವರ್ಷಕ್ಕೊಂದು ವಾಕ್ಯವನ್ನು ಬರೆದುಕೊಂಡು ತೃಪ್ತರಾಗಬಾರದು. ಉಪವಾಸದ ದಿನಗಳು ಹೇಗೆ ಕಳೆದುವು, ಗೊರವರು ಪರಸ್ಪರ ಏನು ಮಾತನಾಡಿದರು, ಹಿಂಡನ್ನು ಬಿಟ್ಟು ಬರಲಾಗದ ಕುರಿಗಾರನಿಗೆ ಆ ನುಡಿ ಯಾವಾಗ, ಯಾರಿಂದ ತಲುಪಿತು ಎಂಬುದನ್ನೂ ಕೇಳಿ ಬರೆಯಬೇಕು. ಅಷ್ಟನ್ನು ಬಿಟ್ಟರೆ ನಮ್ಮ ಕೈಯಲ್ಲಿ ಉಳಿಯುವುದು ಒಂದು ಒಗಟು ಮಾತ್ರ.