ಪ್ಯಾಕೇಜಿನ ಹೊರಗೆ ಉಳಿದ ಕಾಯಿಲೆಗಳು

ಶ್ವಾಸಕೋಶದ ಕ್ಯಾನ್ಸರಿನ ಖರ್ಚಿನ ಮಾತು ಎತ್ತಿದರೆ ಸಾಕು, ಚರ್ಚೆ ನೇರವಾಗಿ ಔಷಧದ ಬೆಲೆಗೆ ಹೋಗಿ ನಿಲ್ಲುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕ ತೆಗೆಯಿತು. ಅವುಗಳಲ್ಲಿ ಒಸಿಮರ್ಟಿನಿಬ್, ಡುರ್ವಾಲುಮಾಬ್ ಎರಡೂ ಶ್ವಾಸಕೋಶದ ಕ್ಯಾನ್ಸರಿಗೆ ಬಳಕೆಯಾಗುವಂಥವು. ಆಗಬೇಕಾಗಿದ್ದ ಕೆಲಸವೇ. ಆದರೆ ಔಷಧ ಅಗ್ಗವಾದರೆ ರೋಗಿಯ ಹೊರೆ ಇಳಿದಂತೆಯೇ ಎಂಬ ನಂಬಿಕೆ ಅದರ ಜೊತೆಗೇ ಬೇರೂರಿದೆ. ಅದನ್ನು ನಾನು ಒಪ್ಪಲಾರೆ.

ಈ ಕ್ಯಾನ್ಸರ್ ಒಂಟಿಯಾಗಿ ಬರುವುದು ಕಡಿಮೆ. ಬೀಡಿ ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ಗಡ್ಡೆ ಬೆಳೆಸುವುದರೊಳಗೆ ಉಸಿರಿನ ನಾಳಗಳನ್ನೂ ಹೃದಯದ ರಕ್ತನಾಳಗಳನ್ನೂ ಕೆಡಿಸಿರುತ್ತದೆ. ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ಹೆಂಗಸರಿಗೆ ಬೀಡಿ ಮುಟ್ಟದೆಯೂ ದಮ್ಮು ಹತ್ತಿರುತ್ತದೆ. ರೋಗ ಪತ್ತೆಯಾಗುವುದು ಬಹುಪಾಲು ಐವತ್ತು, ಅರವತ್ತು ದಾಟಿದ ಮೇಲೆ; ಆ ವಯಸ್ಸಿಗೆ ಸಕ್ಕರೆ ಕಾಯಿಲೆ, ಬಿ.ಪಿ. ನಮ್ಮಲ್ಲಿ ಮನೆಮನೆಯ ಮಾತು. ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿದ್ದು, ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆಂದು.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಸಕ್ಕರೆ ಮಾತ್ರೆಯ ಖರ್ಚು ಕ್ಯಾನ್ಸರ್ ಬರದಿದ್ದರೂ ಇರುತ್ತಿತ್ತಲ್ಲ, ಅದನ್ನೇಕೆ ಈ ಲೆಕ್ಕಕ್ಕೆ ಸೇರಿಸಬೇಕು? ಎರಡು ಕಾಯಿಲೆಗಳು ಒಂದೇ ಮೈಯಲ್ಲಿ ಬೇರೆಬೇರೆಯಾಗಿ ಬದುಕುತ್ತವೆ ಎಂದು ನಂಬಿದವರು ಮಾತ್ರ ಹೀಗೆ ಕೇಳಬಲ್ಲರು. ಪೆಟ್ ಸ್ಕ್ಯಾನಿಗೆ ಬಂದವರ ರಕ್ತದ ಸಕ್ಕರೆ 200ರ ಮೇಲಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದೂಡುತ್ತಾರೆ. ದೂರದ ಊರಿಂದ ಬಂದವರಿಗೆ ಹಾಗೆಂದರೆ ಮತ್ತೊಂದು ಪ್ರಯಾಣ, ಮತ್ತೆರಡು ದಿನದ ಲಾಡ್ಜು, ಜೊತೆಗೆ ಬಂದವರ ಕೂಲಿ. ಕೀಮೋ ಜೊತೆ ವಾಂತಿ ತಡೆಯಲು, ಅಲರ್ಜಿ ಆಗದಿರಲು ಕೊಡುವ ಡೆಕ್ಸಾಮೆಥಾಸೋನ್ ಸಕ್ಕರೆಯನ್ನು ಏರಿಸುತ್ತದೆ; ಮಾತ್ರೆಯಲ್ಲಿ ಹತೋಟಿಯಲ್ಲಿದ್ದವರು ಇನ್ಸುಲಿನ್‌ಗೆ ಬರುತ್ತಾರೆ. ಸಿಸ್‌ಪ್ಲಾಟಿನ್ ಹಳೆಯ ಔಷಧ, ಬೆಲೆಯೂ ಕಡಿಮೆ, ಆದರೆ ಕಿಡ್ನಿ ಗಟ್ಟಿ ಇರಬೇಕು. ವರ್ಷಗಟ್ಟಲೆ ಸಕ್ಕರೆ, ಬಿ.ಪಿ.ಯಿಂದ ಕ್ರಿಯಾಟಿನಿನ್ ಏರಿದವರಿಗೆ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು, ಪ್ರತಿ ಸುತ್ತಿಗೂ ರಕ್ತಪರೀಕ್ಷೆ ಮಾಡಿಸಬೇಕು. ಗಡ್ಡೆ ಚಿಕ್ಕದು, ಆಪರೇಷನ್ ಮಾಡಿ ತೆಗೆಯಬಹುದು ಎಂದಿದ್ದರೂ ದಮ್ಮಿನ ಶ್ವಾಸಕೋಶ ಒಂದು ಭಾಗ ಕಳೆದುಕೊಳ್ಳಲು ತಾಳದು.

ಅಗ್ಗದ ಗ್ಯಾಸ್ ಮಾತ್ರೆಯನ್ನೇ ನೋಡಿ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟಪ್ರಜೋಲ್ ನಮ್ಮಲ್ಲಿ ಎಷ್ಟೋ ಜನ ದಿನಾ ಬೆಳಿಗ್ಗೆ ನುಂಗುತ್ತಾರೆ. ಕ್ಯಾನ್ಸರಿನ ಗೆಫಿಟಿನಿಬ್ ಮಾತ್ರೆ ಮೈಗೆ ಹತ್ತಬೇಕಾದರೆ ಆ ಆಮ್ಲ ಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದೇ ಗೆಫಿಟಿನಿಬ್ಬನ್ನು ಯಕೃತ್ತಿನಲ್ಲಿ ಬೇಗ ಕರಗಿಸಿಬಿಡುತ್ತದೆ. ಕ್ಷಯ ಇಷ್ಟು ಹರಡಿರುವ ದೇಶದಲ್ಲಿ ಇದು ಪುಸ್ತಕದ ಸಂಗತಿಯಾಗಿ ಉಳಿಯುವಂಥದ್ದಲ್ಲ. ಒಬ್ಬ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಇನ್ನೊಬ್ಬರು ಓದದಿದ್ದರೆ ದುಬಾರಿ ಔಷಧ ಮೈಗೆ ಹತ್ತದೆ ಹೋಗುತ್ತದೆ. ಆ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಚೀಟಿ ಓದುವ ವ್ಯವಸ್ಥೆ ಎಲ್ಲಿದೆ? ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಜಯದೇವ ಹೃದ್ರೋಗ ಸಂಸ್ಥೆ ಮೂರೂ ಕೆಲವೇ ಕಿಲೋಮೀಟರುಗಳೊಳಗಿವೆ. ಬಡವರಿಗೆ ಇವು ದೊಡ್ಡ ಆಸರೆ. ಆದರೂ ಅಂಗಕ್ಕೊಂದು ಆಸ್ಪತ್ರೆ ಕಟ್ಟಿದ ಮೇಲೆ ಮೂರೂ ಕಾಯಿಲೆ ಇರುವವರು ಸಾಲುಸಾಲಾಗಿ ನಿಲ್ಲಬೇಕಾದ ಹೊರರೋಗಿ ವಿಭಾಗಗಳು ಮೂರು, ಮಾಡಿಸಬೇಕಾದ ಫೈಲುಗಳು ಮೂರು. ಅಷ್ಟನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವವನು ಕೈಚೀಲ ಹಿಡಿದ ಮಗನೊಬ್ಬನೇ.

ಸರ್ಕಾರಿ ವಿಮೆಯೂ ಹೀಗೇ ಯೋಚಿಸುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುತ್ತದೆ. ಮೊದಲೇ ಇದ್ದ ಕಾಯಿಲೆಯೆಂದು ತಳ್ಳಿಹಾಕುವುದಿಲ್ಲ, ಅದು ದೊಡ್ಡ ಮಾತು. ಆದರೆ ಹಣ ಹರಿಯುವುದು ಪ್ಯಾಕೇಜಿನ ಲೆಕ್ಕದಲ್ಲಿ. ಈ ಕೀಮೋಗೆ ಇಷ್ಟು, ಆ ಶಸ್ತ್ರಚಿಕಿತ್ಸೆಗೆ ಅಷ್ಟು. ತಿಂಗಳುಗಟ್ಟಲೆ ನಡೆಯುವ ಇನ್‌ಹೇಲರ್, ಇನ್ಸುಲಿನ್, ಹೊರರೋಗಿಯಾಗಿ ಮಾಡಿಸುವ ಪರೀಕ್ಷೆಗಳಿಗೆ ಅದರಲ್ಲಿ ಜಾಗವಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿದ ವರ್ಷವೇ ಕ್ಯಾನ್ಸರ್ ಪತ್ತೆಯಾದರೆ ಎರಡೂ ಅದೇ 5 ಲಕ್ಷದಲ್ಲಿ ಮುಗಿಯಬೇಕು. ಜೊತೆಕಾಯಿಲೆ ಎಷ್ಟಿದ್ದರೂ ಪ್ಯಾಕೇಜಿನ ದರ ಒಂದೇ ಎಂದಾದಾಗ, ತೊಡಕಿನ ರೋಗಿಯನ್ನು ಬೇರೆಡೆಗೆ ಕಳಿಸುವುದೇ ಲಾಭವೆಂದು ಖಾಸಗಿ ಆಸ್ಪತ್ರೆಗೆ ತೋರಿದರೆ ಅಚ್ಚರಿಯಿಲ್ಲ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಜೊತೆಕಾಯಿಲೆ ಹೆಚ್ಚಾದಂತೆ ಖರ್ಚು ಯಾವಾಗಲೂ ಏರಲೇಬೇಕೆಂದಿಲ್ಲ. ಹೃದಯ ದುರ್ಬಲ, ಉಸಿರು ಸಾಲದು ಎಂದು ಆಪರೇಷನ್ ಬಿಟ್ಟು, ಕೀಮೋ ಅರ್ಧಕ್ಕೇ ನಿಲ್ಲಿಸಿ ಮನೆಗೆ ಕಳಿಸಿದವರ ಖಾತೆಯಲ್ಲಿ ಮೊತ್ತ ಚಿಕ್ಕದಾಗಿರುತ್ತದೆ. ಅದನ್ನು ಉಳಿತಾಯವೆಂದು ಓದುವ ಲೆಕ್ಕಪತ್ರ ತಪ್ಪು ಓದುತ್ತಿದೆ. ಚಿಕಿತ್ಸೆ ನಿಲ್ಲಿಸುವುದು ಕೆಲವೊಮ್ಮೆ ಸರಿಯಾದ, ಕರುಣೆಯ ನಿರ್ಧಾರವೇ ಇರಬಹುದು. ಆದರೆ ಮೂರು ತಿಂಗಳು ಇನ್‌ಹೇಲರ್, ಉಸಿರಾಟದ ವ್ಯಾಯಾಮ ಕೊಟ್ಟಿದ್ದರೆ ತಾಳಿಕೊಳ್ಳುತ್ತಿದ್ದ ಮೈ ಯಾವುದು, ನಿಜಕ್ಕೂ ತಾಳದ್ದು ಯಾವುದು ಎಂದು ವಿಂಗಡಿಸುವ ಮಾಹಿತಿ ನಮ್ಮ ಯೋಜನೆಗಳ ಲೆಕ್ಕದಲ್ಲಿ ಸಿಗುವುದಿಲ್ಲ. ಹೊಸ ಔಷಧಗಳ ಪ್ರಯೋಗಗಳಿಂದಲೂ ಇಂಥ ರೋಗಿಗಳನ್ನು ಬಹಳ ಮಟ್ಟಿಗೆ ಹೊರಗಿಡುತ್ತಾರೆ. ಹಾಗಾಗಿ ಇಷ್ಟು ಹಣಕ್ಕೆ ಇಷ್ಟು ಆಯಸ್ಸು ಎಂಬ ಹಿಸಾಬು ನಮ್ಮ ವಾರ್ಡುಗಳಲ್ಲಿ ಇಲ್ಲದ ಗಟ್ಟಿ ಮೈಗಳನ್ನು ನೋಡಿ ಹಾಕಿದ್ದು.

ಜೊತೆಕಾಯಿಲೆಗೆ ಅಂಕ ಕೊಟ್ಟು ತೂಗುವ ಕ್ರಮವನ್ನು ಅಮೆರಿಕದ ವೈದ್ಯೆ ಮೇರಿ ಚಾರ್ಲ್‌ಸನ್ ಮತ್ತು ಸಂಗಡಿಗರು 1987ರಲ್ಲೇ ಪ್ರಕಟಿಸಿದ್ದರು. ಅದನ್ನು ತುಂಬಲು ಯಂತ್ರ ಬೇಡ, ರೋಗಿಯ ಹಳೆಯ ಚೀಟಿಗಳು ಸಾಕು. ಕ್ಯಾನ್ಸರ್ ಪ್ಯಾಕೇಜಿಗೆ ಅನುಮತಿ ಕೇಳುವ ಅರ್ಜಿಯಲ್ಲಿ ಆ ಅಂಕಕ್ಕೊಂದು ಕಾಲಂ ಇರಲಿ, ಅಂಕಕ್ಕೆ ತಕ್ಕಂತೆ ದರ ಏರಲಿ, ಚಿಕಿತ್ಸೆ ನಡೆಯುವಷ್ಟು ಕಾಲ ಸಕ್ಕರೆ, ದಮ್ಮು, ಹೃದಯದ ಔಷಧಗಳೂ ಅದೇ ಕಾರ್ಡಿನಲ್ಲಿ ಸಿಗಲಿ. ಸುಂಕ ಇಳಿಸಿದ್ದಕ್ಕಿಂತ ಇದು ಕಷ್ಟದ ಕೆಲಸ, ಬಜೆಟ್ ಭಾಷಣದಲ್ಲಿ ಚಪ್ಪಾಳೆಯೂ ಗಿಟ್ಟಲಿಕ್ಕಿಲ್ಲ. ಮುಂದಿನ ಸಲ ಪ್ಯಾಕೇಜ್ ದರಗಳನ್ನು ಪರಿಷ್ಕರಿಸುವ ಸಮಿತಿಯಲ್ಲಿ ಕ್ಯಾನ್ಸರ್ ತಜ್ಞರ ಪಕ್ಕದಲ್ಲಿ ಸಾಮಾನ್ಯ ಕಾಯಿಲೆಗಳನ್ನು ನೋಡುವ ಒಬ್ಬ ಫಿಸಿಶಿಯನ್ ಕೂರಲಿ ಎಂಬುದು ನನ್ನ ಮೊದಲ ಬೇಡಿಕೆ.