ಯಂತ್ರವಾಚಕನಿಗಾಗಿ ಬರೆದ ಉಪಕರಣ ವಿವರಣೆಗಳು: ಒಂದು ವಿಮರ್ಶೆ

ಗಣಕಯಂತ್ರದ ಉಪಕರಣಗಳಿಗೆ ವಿವರಣೆ ಬರೆಯುವ ಪದ್ಧತಿ ಹೊಸದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯ ಪ್ರಥಮ ಆವೃತ್ತಿಗೆ ೧೯೭೧ರ ನವೆಂಬರ್ ೩ರ ದಿನಾಂಕವಿದೆ. ಅದರಲ್ಲಿ ಆಜ್ಞೆಯ ಹೆಸರು, ಪ್ರಯೋಗರೂಪ, ವಿವರಣೆ, ಸಂಬಂಧಿಸಿದ ಕಡತಗಳು, ದೋಷಸೂಚನೆಗಳು, ಆ ಆಜ್ಞೆಯಲ್ಲಿ ಉಳಿದಿರುವ ಲೋಪಗಳು ಎಂಬ ವಿಭಾಗಗಳಿವೆ. ತನ್ನ ಕೃತಿಯ ಲೋಪವನ್ನು ಕರ್ತೃವೇ ನಮೂದಿಸುವ ಈ ಪದ್ಧತಿ ಶ್ಲಾಘನೀಯವಾದುದು. ಆದರೆ ಆ ಗ್ರಂಥದ ವಾಚಕನು ಮನುಷ್ಯನೆಂಬುದನ್ನು ಮರೆಯಲಾಗದು. ಗ್ರಂಥ ಹೇಳದೆ ಬಿಟ್ಟುದನ್ನು ಅವನು ಬಲ್ಲವರಿಂದ ಕೇಳಿ ತಿಳಿಯುತ್ತಿದ್ದನು. ಸಂಶಯ ಬಂದಲ್ಲಿ ಕೈ ತಡೆಯುತ್ತಿದ್ದನು.

ಈಗ ಇಂಥ ವಿವರಣೆಗಳಿಗೆ ಬೇರೊಬ್ಬ ವಾಚಕನು ಬಂದಿದ್ದಾನೆ. ಕೃತಕ ಬುದ್ಧಿಮತ್ತೆಯ ಏಜೆಂಟ್ ಎಂಬುದು ಉಪಕರಣದ ವಿವರಣೆಯನ್ನು ಓದಿ, ಯಾವುದನ್ನು ಯಾವಾಗ ಬಳಸಬೇಕೆಂದು ತಾನೇ ನಿರ್ಣಯಿಸುತ್ತದೆ. ೨೦೨೪ರ ನವೆಂಬರ್‌ನಲ್ಲಿ ಆಂತ್ರೊಪಿಕ್ ಸಂಸ್ಥೆ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಇದಕ್ಕೊಂದು ಸಾಮಾನ್ಯ ರೂಪವನ್ನು ಒದಗಿಸಿತು. ಅದರಂತೆ ಪ್ರತಿಯೊಂದು ಉಪಕರಣಕ್ಕೂ ಹೆಸರು, ವಿವರಣೆ, ಒಪ್ಪಿಸಬೇಕಾದ ಮಾಹಿತಿಯ ವಿನ್ಯಾಸ ಎಂಬ ಅಂಗಗಳಿರುತ್ತವೆ. ವಿನ್ಯಾಸವು ಮಾಹಿತಿ ಯಾವ ಬಗೆಯದೆಂಬುದನ್ನು ನಿಯಮಿಸುತ್ತದೆ. ತಾತ್ಪರ್ಯವನ್ನು ಹೇಳುವ ಭಾರ ವಿವರಣೆಯ ಮೇಲೆಯೇ ಬೀಳುತ್ತದೆ. ಬಳಕೆಯಲ್ಲಿರುವ ಅನೇಕ ವಿವರಣೆಗಳು ಈ ಭಾರವನ್ನು ಹೊರಲಾರವು ಎಂಬುದೇ ಪ್ರಸ್ತುತ ಆಕ್ಷೇಪ.

ನಿದರ್ಶನಕ್ಕಾಗಿ ಆರ್‌ಸಿಂಕ್ ಎಂಬ ಉಪಕರಣವನ್ನು ಪರಿಶೀಲಿಸಬಹುದು. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಅವರು ೧೯೯೬ರಲ್ಲಿ ಪ್ರಕಟಿಸಿದ ಇದು ಕಡತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುತ್ತದೆ. ಮೂಲಕೋಶದ ಹೆಸರಿನ ಕೊನೆಯಲ್ಲಿ ಓರೆಗೆರೆಯೊಂದು ಇದ್ದರೆ ಕೋಶದ ಒಳಗಿನ ಕಡತಗಳಷ್ಟೇ ಗಮ್ಯಸ್ಥಾನಕ್ಕೆ ಹೋಗುತ್ತವೆ. ಇಲ್ಲದಿದ್ದರೆ ಕೋಶವೇ ತನ್ನ ಹೆಸರಿನೊಡನೆ ಹೋಗುತ್ತದೆ. ಮೂಲದಲ್ಲಿಲ್ಲದುದನ್ನು ಗಮ್ಯಸ್ಥಾನದಿಂದ ಅಳಿಸಬೇಕೆಂಬ ಸೂಚನೆಯನ್ನೂ ಇದರೊಡನೆ ಕೊಡಬಹುದು. ಗ್ರಂಥಾಲಯವೊಂದರ ಸಂಗ್ರಹದಲ್ಲಿ ಹತ್ತು ಕಟ್ಟುಗಳ ಓಲೆಗಳ ಛಾಯಾಪ್ರತಿಗಳಿದ್ದು, ಹನ್ನೊಂದನೆಯ ಕಟ್ಟಿನವನ್ನು ಅಲ್ಲಿಗೆ ಸೇರಿಸಬೇಕಾಗಿದೆ ಎಂದಿಟ್ಟುಕೊಂಡರೆ, ಆ ಸೂಚನೆಯೊಡನೆ ಓರೆಗೆರೆಯೂ ಸೇರಿದಾಗ ಮೊದಲಿನ ಹತ್ತು ಕಟ್ಟುಗಳ ಪ್ರತಿಗಳು ಅಳಿದುಹೋಗುತ್ತವೆ. ಓರೆಗೆರೆ ಇಲ್ಲದಿದ್ದರೆ ಅಳಿಸುವಿಕೆಯು ಹನ್ನೊಂದನೆಯ ಕಟ್ಟಿನ ಕೋಶದೊಳಗೆ ಮಾತ್ರ ನಡೆಯುತ್ತದೆ. ಒಂದು ಗೆರೆಯಿಂದ ಅರ್ಥವೇ ಪಲ್ಲಟವಾಗುವ ಸಂದರ್ಭಗಳು ಪಾಠಪರಿಷ್ಕರಣದಲ್ಲಿ ತೊಡಗಿದವರಿಗೆ ಅಪರಿಚಿತವಲ್ಲ. ಅಲ್ಲಿ ಕೆಡುವುದು ಪಾಠ, ಇಲ್ಲಿ ನಾಶವಾಗುವುದು ಸಂಗ್ರಹ.

ಆರ್‌ಸಿಂಕ್‌ನ ಮೂಲ ಕೈಪಿಡಿಯು ಓರೆಗೆರೆಯ ನಿಯಮವನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಕಾರ್ಯ ನಡೆಸದೆ ಫಲವನ್ನು ಮಾತ್ರ ತೋರಿಸುವ ಪೂರ್ವಪರೀಕ್ಷೆಯ ಸೂಚನೆಯೂ ಅದರಲ್ಲಿದೆ. ದೋಷ ಉಂಟಾಗುವುದು ಮುಂದಿನ ಹಂತದಲ್ಲಿ. ಇಂಥ ಉಪಕರಣವನ್ನು ಏಜೆಂಟ್‌ಗೆ ಒಪ್ಪಿಸುವವರು "ಕಡತಗಳನ್ನು ಸಮನ್ವಯಗೊಳಿಸುತ್ತದೆ" ಎಂದು ಒಂದೇ ವಾಕ್ಯ ಬರೆದರೆ, ಆ ವಾಕ್ಯದಲ್ಲಿ ಅಸತ್ಯವೇನೂ ಇರುವುದಿಲ್ಲ. ಆದರೆ ತಿಳಿಯಬೇಕಾದುದೂ ಏನೂ ಇರುವುದಿಲ್ಲ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಯಾವ ಕ್ರಿಯೆ ಹಿಂತೆಗೆಯಲು ಬಾರದು, ವಿಫಲವಾದರೆ ಏನು ಮಾಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ವಿವರಣೆ ಅಪೂರ್ಣವೆಂದೇ ಹೇಳಬೇಕಾಗುತ್ತದೆ.

ಇದಕ್ಕೆ ಒಂದು ಪೂರ್ವಪಕ್ಷವಿದೆ. ಪ್ರಸಿದ್ಧ ಕೈಪಿಡಿಗಳನ್ನೆಲ್ಲ ಭಾಷಾಮಾದರಿಗಳು ತರಬೇತಿಯಲ್ಲಿಯೇ ಓದಿರುವುದರಿಂದ ಪುನರುಕ್ತಿ ಅನಾವಶ್ಯಕ ಎಂಬುದು ಆ ವಾದ. ಆರ್‌ಸಿಂಕ್‌ನಂಥ ಹಳೆಯ ಉಪಕರಣದ ಮಟ್ಟಿಗೆ ಇದು ಭಾಗಶಃ ಒಪ್ಪತಕ್ಕದ್ದು. ಆದರೆ ಸಂಸ್ಥೆಯೊಂದು ತನ್ನ ಉಪಯೋಗಕ್ಕೆ ನಿನ್ನೆ ರಚಿಸಿಕೊಂಡ ಉಪಕರಣವನ್ನು ಯಾವ ಮಾದರಿಯೂ ಓದಿರಲಾರದು. ಓದಿದ ಉಪಕರಣವೂ ಆಮೇಲೆ ಬದಲಾಗಿರಬಹುದು. ಆಗ ಮಾದರಿಯ ಸ್ಮೃತಿಯಲ್ಲಿ ಒಂದು ಪಾಠ, ಯಂತ್ರದಲ್ಲಿ ಇನ್ನೊಂದು ಪಾಠ ಇರುತ್ತದೆ. ಆದ್ದರಿಂದ ಆವೃತ್ತಿಯ ಸಂಖ್ಯೆಯನ್ನೂ ಬದಲಾದ ಅಂಶವನ್ನೂ ವಿವರಣೆಯಲ್ಲಿ ನಮೂದಿಸುವುದು ಅವಶ್ಯಕ.

ಹಾಗೆಂದು ಎಲ್ಲವನ್ನೂ ವಿಸ್ತರಿಸಿ ಬರೆಯುವುದೂ ಸಾಧುವಲ್ಲ. ಮಾದರಿಯು ಒಮ್ಮೆಗೆ ಗ್ರಹಿಸಬಲ್ಲ ಪಠ್ಯಕ್ಕೆ ಮಿತಿಯಿದೆ. ಉಪಕರಣಗಳು ಹಲವಾದಂತೆ ಅವುಗಳ ವಿವರಣೆಗಳೇ ಆ ಮಿತಿಯ ಬಹುಭಾಗವನ್ನು ಆಕ್ರಮಿಸಿ, ಮಾಡಬೇಕಾದ ಕೆಲಸಕ್ಕೆ ಸ್ಥಳ ಕಿರಿದಾಗುತ್ತದೆ. ಸೂತ್ರವನ್ನು ಮುಂದಿಟ್ಟು ವೃತ್ತಿಯನ್ನು ಬೇಕಾದಾಗ ತೆರೆಯುವ ಕ್ರಮವೇ ಇಲ್ಲಿ ಉಚಿತ. ೨೦೨೪ರ ಸೆಪ್ಟೆಂಬರ್‌ನಲ್ಲಿ ಜೆರೆಮಿ ಹೋವರ್ಡ್ ಸೂಚಿಸಿದ ಎಲ್‌ಎಲ್‌ಎಮ್ಸ್ ಕಡತದ ವಿನ್ಯಾಸವೂ ಈ ಜಾಡಿನದೇ: ಸಂಕ್ಷಿಪ್ತ ಪರಿಚಯ ಮೊದಲು, ವಿಸ್ತೃತ ಪುಟಗಳಿಗೆ ನಿರ್ದೇಶನ ಅನಂತರ. ಆದರೆ ಅಪಾಯಸೂಚನೆಯನ್ನು ವೃತ್ತಿಗೆ ಬಿಡಲಾಗದು. ಅದರ ಸ್ಥಾನ ಸೂತ್ರದಲ್ಲಿಯೇ.

ಮೇಲೆ ಹೇಳಿದ ಪ್ರೊಟೊಕಾಲ್‌ಗೆ ೨೦೨೫ರ ಮಾರ್ಚ್ ಆವೃತ್ತಿಯಲ್ಲಿ ಟಿಪ್ಪಣಿಗಳು ಸೇರಿದವು. ಉಪಕರಣವು ಕೇವಲ ಓದುತ್ತದೆಯೇ, ನಾಶ ಮಾಡಬಲ್ಲುದೇ, ಮರುಕಳಿಸಿದರೂ ಫಲ ಒಂದೆಯೇ ಎಂಬುದನ್ನು ಅವು ತಿಳಿಸುತ್ತವೆ. ಟಿಪ್ಪಣಿ ಇಲ್ಲದಿದ್ದಲ್ಲಿ ಉಪಕರಣ ನಾಶಕಾರಿಯಾಗಿರಬಹುದೆಂದೇ ಭಾವಿಸಬೇಕು ಎಂಬ ನಿಯಮ ವಿವೇಕಯುಕ್ತವಾಗಿದೆ. ವಿಶ್ವಾಸಾರ್ಹವಲ್ಲದ ಮೂಲದಿಂದ ಬಂದ ಟಿಪ್ಪಣಿಗಳನ್ನು ನಂಬಬಾರದೆಂದೂ ಅಲ್ಲಿ ವಿಧಿಸಲಾಗಿದೆ. ಇದು ಗಮನಾರ್ಹವಾದ ಎಚ್ಚರಿಕೆ. ಏಜೆಂಟ್‌ನ ಮಟ್ಟಿಗೆ ವರ್ಣನೆಗೂ ಆದೇಶಕ್ಕೂ ನಡುವಣ ಗೆರೆ ತೆಳುವಾದುದು. ದುರುದ್ದೇಶವುಳ್ಳವನು ವಿವರಣೆಯೊಳಗೆ ಒಂದು ಆದೇಶವನ್ನು ಪ್ರಕ್ಷೇಪಿಸಿದರೆ ಏಜೆಂಟ್ ಅದನ್ನೂ ಪಾಲಿಸುವ ಸಂಭವವುಂಟು. ಪಾಠದ ಕರ್ತೃ ಯಾರು, ಅದು ಯಾವ ಕೈಗಳನ್ನು ದಾಟಿ ಬಂದಿತು ಎಂಬ ವಿಚಾರಣೆಯಿಂದ ಇಲ್ಲಿಯೂ ಬಿಡುಗಡೆಯಿಲ್ಲ.

ಒಟ್ಟಿನಲ್ಲಿ, ಈ ವಿವರಣೆಗಳನ್ನು ಬರೆಯುವವರು ಹೊಸ ರೂಪಗಳನ್ನು ಅರಸುವುದರಲ್ಲಿ ತೋರಿದ ಆಸಕ್ತಿಯನ್ನು ೧೯೭೧ರ ಕೈಪಿಡಿಯ ಲೋಪಗಳ ವಿಭಾಗದ ಕಡೆಗೆ ತೋರಿಲ್ಲ. ಉಪಕರಣದ ಲೋಪವನ್ನು ತಿಳಿದವನೇ ಬರೆದಿಡದಿದ್ದರೆ ಕೇಳಿ ತಿಳಿಯುವ ಅಭ್ಯಾಸವಿಲ್ಲದ ವಾಚಕನಿಗೆ ಅದು ತಿಳಿಯುವುದು ನಷ್ಟವಾದ ಮೇಲೆಯೇ.