ಕೂಡಿ ಬರೆಯುವ ಹಾಳೆಯೂ ಕರಡಿನ ಇತಿಹಾಸವೂ

ಹಲವರು ಸೇರಿ ಒಂದೇ ಬರಹವನ್ನು ಸಿದ್ಧಪಡಿಸುವುದು ಹೊಸ ಸಂಗತಿಯಲ್ಲ; ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಬೆಳೆದುದು ಹಾಗೆಯೇ. ಆದರೆ ದೂರದೂರದಲ್ಲಿ ಕುಳಿತವರು ಒಂದೇ ಹಾಳೆಯ ಮೇಲೆ, ಒಬ್ಬರ ಅಕ್ಷರ ಮತ್ತೊಬ್ಬರಿಗೆ ಒಡನೆಯೇ ಕಾಣುವಂತೆ ಬರೆಯುವುದನ್ನು ಅಂತರಜಾಲದಲ್ಲಿ ಸುಲಭಗೊಳಿಸಿದ ಸಾಧನಗಳಲ್ಲಿ ಈಥರ್‌ಪ್ಯಾಡ್ ಮುಖ್ಯವಾದುದು. ಅಮೆರಿಕದ ಆಪ್‌ಜೆಟ್ ಎಂಬ ಸಣ್ಣ ಸಂಸ್ಥೆ ಅದನ್ನು ೨೦೦೮ರ ನವೆಂಬರಿನಲ್ಲಿ ಹೊರತಂದಿತು. ೨೦೦೯ರ ಡಿಸೆಂಬರಿನಲ್ಲಿ ಗೂಗಲ್ ಈ ಸಂಸ್ಥೆಯನ್ನು ಕೊಂಡು, ಅದರ ತಜ್ಞರನ್ನು ತನ್ನ ‘ವೇವ್’ ಯೋಜನೆಗೆ ಸೇರಿಸಿಕೊಂಡಿತು. ಈಥರ್‌ಪ್ಯಾಡನ್ನು ಮುಚ್ಚುವ ಸುದ್ದಿಯೂ ಅದರೊಂದಿಗೇ ಹೊರಬಿದ್ದಿತು. ಬಳಸುವವರು ಬಲವಾಗಿ ಆಕ್ಷೇಪಿಸಿದರು. ಅದೇ ತಿಂಗಳು ಅದರ ಮೂಲಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು. ೨೦೧೦ರ ಮೇ ತಿಂಗಳಲ್ಲಿ ಮೂಲ ತಾಣ ನಿಂತಿತು.

ಇದನ್ನು ಸುಖಾಂತವೆಂದು ಎಣಿಸುವುದಕ್ಕೆ ಆಧಾರವಿಲ್ಲದಿಲ್ಲ. ೨೦೧೧ರಲ್ಲಿ ಈಥರ್‌ಪ್ಯಾಡ್ ಲೈಟ್ ಎಂಬ ಹೆಸರಿನಿಂದ ಅದು ಹೊಸದಾಗಿ ರಚಿತವಾಗಿ, ಹಲವು ಸಂಸ್ಥೆಗಳ ಸ್ವಂತ ಗಣಕಯಂತ್ರಗಳಲ್ಲಿ ನೆಲೆಗೊಂಡಿತು. (ಯಾವ ವೇವ್‌ಗಾಗಿ ಇದನ್ನು ಬಲಿಗೊಡಲಾಯಿತೋ ಅದು ೨೦೧೨ರಲ್ಲಿ ತಾನೇ ಮುಚ್ಚಿಹೋಯಿತು.) ಆದಕಾರಣ ಸಾಧನ ನಾಶವಾಯಿತೆಂದು ಹೇಳಲಾಗದು. ನಷ್ಟವಾದುದು ಬೇರೊಂದು ವಸ್ತು. ಸಾಹಿತ್ಯವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದುದು ಅದನ್ನೇ.

ಈ ಹಾಳೆಯ ಮೇಲೆ ಪ್ರತಿಯೊಬ್ಬ ಲೇಖಕನಿಗೂ ಒಂದೊಂದು ಬಣ್ಣ. ಜೊತೆಗೆ ಬರಹದ ಹುಟ್ಟಿನಿಂದ ಕೊನೆಯವರೆಗೆ ಆದ ಒಂದೊಂದು ಮಾರ್ಪಾಟನ್ನೂ ಹಿಂದುಮುಂದಾಗಿ ಸರಿಸಿ ನೋಡಬಹುದಾದ ಕಾಲಪಟ್ಟಿಯೊಂದಿತ್ತು. ಗ್ರಂಥಸಂಪಾದಕನಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಲೆಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ಲಿಪಿಕಾರನ ಸ್ಖಾಲಿತ್ಯವನ್ನು ಅವನು ಊಹಿಸಬಲ್ಲ. ಕವಿ ತಾನೇ ಬರೆದು ಅಳಿಸಿದ ಮಾತು ಅವನ ಕೈಗೆ ಸಿಕ್ಕುವುದು ಅತಿ ವಿರಳ. ಇಲ್ಲಿ ಅಳಿಸಿದುದೆಲ್ಲವೂ ಉಳಿದಿತ್ತು. ತಾಣ ಮುಚ್ಚುವ ಮೊದಲು ತಮ್ಮ ಲೇಖನಗಳನ್ನು ವರ್ಡ್ ಅಥವಾ ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡವರಿಗೆ ದೊರೆತುದು ಕಟ್ಟಕಡೆಯ ಪಾಠ ಮಾತ್ರ. ಫಲ ದಕ್ಕಿತು, ಬೇರು ಹೋಯಿತು.

ಬಣ್ಣಗಳನ್ನು ಉಳಿಸಿಕೊಂಡಿದ್ದರೆ ಸಾಕಾಗುತ್ತಿತ್ತೆಂದು ಕೆಲವರು ವಾದಿಸಬಹುದು. ನಾವು ಹಾಗೆ ಭಾವಿಸುವುದಿಲ್ಲ. ಬಣ್ಣ ಹೇಳುವುದು ಅಕ್ಷರವನ್ನು ಒತ್ತಿದವನಾರೆಂಬುದನ್ನೇ ಹೊರತು ಆಲೋಚಿಸಿದವನಾರೆಂಬುದನ್ನಲ್ಲ. ಅದಕ್ಕಿಂತ ಮುಖ್ಯವಾಗಿ, ಕತ್ತರಿಸಿದವನಿಗೆ ಬಣ್ಣವೇ ಇಲ್ಲ. ಮೂವರು ವಿದ್ಯಾರ್ಥಿಗಳು ಕೂಡಿ ಬರೆದ ಪ್ರಬಂಧದಲ್ಲಿ ಇಬ್ಬರು ಪುಟ ತುಂಬಿಸಿ, ಮೂರನೆಯವನು ಅರ್ಧವನ್ನು ತೆಗೆದುಹಾಕಿ ಅದನ್ನು ಓದುವಂತೆ ಮಾಡಿದನೆನ್ನೋಣ. ಅಂತಿಮ ಪುಟವನ್ನಷ್ಟೇ ನೋಡುವ ಅಧ್ಯಾಪಕನ ಕಣ್ಣಿಗೆ ಆ ಮೂರನೆಯವನು ಏನೂ ಮಾಡಿದವನಲ್ಲ. ಅವನ ಪರವಾದ ಸಾಕ್ಷಿ ಕಾಲಪಟ್ಟಿಯೊಂದೇ. ಅಂಕಗಳನ್ನು ಹಂಚುವಾಗ ಇದು ಸಣ್ಣ ಮಾತಲ್ಲ.

ಇಂದಿನ ಈಥರ್‌ಪ್ಯಾಡ್ ಇತಿಹಾಸಸಹಿತವಾಗಿ ಹಾಳೆಯನ್ನು ತನ್ನದೇ ಆದ ರೂಪದಲ್ಲಿ ಹೊರತೆಗೆಯಲು ಅವಕಾಶವಿತ್ತಿದೆ. ಫ್ರಾನ್ಸಿನ ಫ್ರಾಮಪ್ಯಾಡ್ ತಾಣವಂತೂ, ಬಳಸದೆ ಬಿಟ್ಟ ಹಾಳೆ ಎಷ್ಟು ಕಾಲದ ಮೇಲೆ ಅಳಿಯುವುದೆಂಬುದನ್ನು ಬರೆಯಲು ತೊಡಗುವ ಮುನ್ನವೇ ತಿಳಿಸುತ್ತದೆ. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೂ ಹಾಗೆ ಹೊರತೆಗೆದ ಇತಿಹಾಸವನ್ನು ಮತ್ತೆ ಓದಬೇಕಾದರೆ ಇನ್ನೊಂದು ಈಥರ್‌ಪ್ಯಾಡ್ ಎಲ್ಲಿಯಾದರೂ ನಡೆಯುತ್ತಿರಬೇಕು.